ನಲವತ್ತೇಳನೆಯ ಲೆಕ್ಕದ ಪುಸ್ತಕ

ಮನೆಯ ಲೆಕ್ಕ ಬರೆದಿಡುವ ತಂತ್ರಾಂಶವೊಂದನ್ನು ಮಾಡುತ್ತಿದ್ದೇನೆ ಎಂದು ಹೇಳಿದಾಗ ಹಳೆಯ ಸಹೋದ್ಯೋಗಿಯೊಬ್ಬರು ಕೇಳಿದ್ದು ಒಂದೇ ಮಾತು: ‘ಇನ್ನೊಂದಾ?’ ಅವರ ದನಿಯಲ್ಲಿ ಕುಹಕವಿರಲಿಲ್ಲ, ಅದು ನಿಜವಾದ ಆಶ್ಚರ್ಯವಾಗಿತ್ತು. ಖರ್ಚು ಬರೆಯುವ ಆಪ್‌ಗಳು ಅವರ ಫೋನಿನಲ್ಲಿಯೇ ಮೂರಿದ್ದವು. ಒಂದೊಂದನ್ನೂ ತೆರೆದು ತೋರಿಸಿದರು. ಮೊದಲನೆಯದರಲ್ಲಿ ಎರಡು ವಾರದ ನಮೂದುಗಳಿದ್ದವು, ಎರಡನೆಯದರಲ್ಲಿ ಒಂಬತ್ತು ದಿನದವು, ಮೂರನೆಯದರಲ್ಲಿ ಒಂದು ಕಾಫಿ ಮತ್ತು ಒಂದು ಪೆಟ್ರೋಲು. ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪ ಸುಮಾರು ನಲವತ್ತು ವರ್ಷ, ಜ್ವರ ಬಂದ ದಿನವೂ ಬಿಡದೆ, ಉದ್ದನೆಯ ಗೆರೆಪುಸ್ತಕದಲ್ಲಿ ಮನೆಯ ಲೆಕ್ಕ ಬರೆದಿದ್ದರು. ಅವರು ತೀರಿಕೊಂಡ ಮೇಲೆ ಆಯಿ (ಅಮ್ಮನನ್ನು ನಾವು ಕರೆಯುವುದು ಹಾಗೆ) ಅದನ್ನು ಮುಂದುವರಿಸಿಕೊಂಡು ಬಂದಿದ್ದಾಳೆ. ಹಣಕಾಸಿನ ತಂತ್ರಾಂಶಗಳನ್ನು ಬರೆಯುವುದನ್ನೇ ವೃತ್ತಿಯಾಗಿಸಿಕೊಂಡ ನನ್ನ ಸಹೋದ್ಯೋಗಿಗೆ ಮೂರು ವಾರ ಸಾಧ್ಯವಾಗದ್ದು ಹತ್ತನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟ ಅಪ್ಪನಿಗೆ ನಲವತ್ತು ವರ್ಷ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಅಂದು ಹುಟ್ಟಿದ್ದು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಈ ಬರಹ ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಮಾಡಿದ ಕೆಲಸದ ಕುರಿತಾದದ್ದು.

ಮನೆಲೆಕ್ಕದ ತಂತ್ರಾಂಶಗಳ ಮಾರುಕಟ್ಟೆ ಇತ್ತೀಚೆಗೆ ಕಿಕ್ಕಿರಿದದ್ದಲ್ಲ, ಮೊದಲಿನಿಂದಲೂ ಹಾಗೆಯೇ ಇತ್ತು. ಅಮೆರಿಕದಲ್ಲಿ ಸ್ಕಾಟ್ ಕುಕ್ ಮತ್ತು ಟಾಮ್ ಪ್ರೂ 1983ರಲ್ಲಿ ಇಂಟ್ಯುಯಿಟ್ ಕಂಪನಿಯನ್ನು ಕಟ್ಟಿ ಕ್ವಿಕನ್ ಎಂಬ ತಂತ್ರಾಂಶವನ್ನು ಹೊರತರುವ ಹೊತ್ತಿಗೆ ಅಂಥವು ಆಗಲೇ 46 ಇದ್ದವಂತೆ. ತಮಗೆ ಒದಗಿದ್ದು ಮೊದಲಿಗನಾಗಿ ಬಂದವನ ಅನುಕೂಲವಲ್ಲ, 47ನೆಯವನಾಗಿ ಬಂದವನ ಅನುಕೂಲ ಎಂದು ಕುಕ್ ಮುಂದೆ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. ಮನೆಯ ಬಿಲ್ಲುಗಳನ್ನು ತೀರಿಸುವ ತಿಂಗಳ ಕೆಲಸದ ಬಗ್ಗೆ ಅವರ ಹೆಂಡತಿ ಬೇಸರಪಟ್ಟದ್ದೇ ಆ ತಂತ್ರಾಂಶಕ್ಕೆ ಮೂಲ ಎಂಬ ಕಥೆಯೂ ಪ್ರಸಿದ್ಧವಾಗಿದೆ. ನನಗೆ ಈ ಕಥೆಗಳಿಗಿಂತ ಮುಖ್ಯವಾಗಿ ಕಂಡದ್ದು ಕ್ವಿಕನ್‌ನ ಪರದೆ. ಅದು ಅಮೆರಿಕದ ಪ್ರತಿ ಮನೆಯ ಮೇಜಿನ ಮೇಲಿದ್ದ ಚೆಕ್ಕುಪುಸ್ತಕವನ್ನೂ ಅದರ ಜೊತೆಗಿನ ಚಿಕ್ಕ ದಾಖಲೆ ಪುಸ್ತಕವನ್ನೂ ಹಾಗೆಯೇ ಹೋಲುತ್ತಿತ್ತು. ಲೆಕ್ಕಶಾಸ್ತ್ರದ ಪರಿಭಾಷೆ ಗೊತ್ತಿಲ್ಲದವರು ಕೂಡ ಚೆಕ್ಕು ಬರೆಯುವುದನ್ನು ಬಲ್ಲವರಾಗಿದ್ದರು. ಮನೆಯಲ್ಲಿ ಆಗಲೇ ಇದ್ದ ಪುಸ್ತಕವನ್ನು ನೋಡಿ ಅದರಂತೆ ಮಾಡಿದ್ದರಿಂದ ಅದು ಗೆದ್ದಿತು ಎಂದು ನಾನು ನಂಬಿದ್ದೇನೆ.

ಅದಾದ ಮೇಲಿನ ಇತಿಹಾಸವನ್ನು ಬೇಗ ಹೇಳಿ ಮುಗಿಸಬಹುದು. ಮೈಕ್ರೋಸಾಫ್ಟ್ 1991ರಲ್ಲಿ ಮನಿ ಎಂಬ ತಂತ್ರಾಂಶವನ್ನು ತಂದಿತು. 1994ರಲ್ಲಿ ಇಂಟ್ಯುಯಿಟ್ ಅನ್ನೇ ಕೊಳ್ಳಲು ಹೊರಟು, ಅಮೆರಿಕದ ನ್ಯಾಯ ಇಲಾಖೆ ಆಕ್ಷೇಪಿಸಿದ್ದರಿಂದ ಮರುವರ್ಷ ಹಿಂದೆ ಸರಿಯಿತು. 2009ರಲ್ಲಿ ಮನಿಯ ಮಾರಾಟವನ್ನೇ ನಿಲ್ಲಿಸಿತು. ಮಿಂಟ್ ಎಂಬ ಉಚಿತ ಜಾಲತಾಣ 2007ರಲ್ಲಿ ಬಂದಿತು, ಎರಡೇ ವರ್ಷದಲ್ಲಿ ಇಂಟ್ಯುಯಿಟ್ ಅದನ್ನು 17 ಕೋಟಿ ಡಾಲರಿಗೆ ಕೊಂಡಿತು, 2024ರ ಮಾರ್ಚಿನಲ್ಲಿ ಮುಚ್ಚಿಯೂ ಬಿಟ್ಟಿತು. ಹತ್ತಾರು ವರ್ಷದ ಲೆಕ್ಕವನ್ನು ಒಂದೇ ಕಡೆ ಒಪ್ಪಿಸಿದ್ದವರು ಇಂಥ ಮುಚ್ಚುವಿಕೆಯ ದಿನ ಏನು ಮಾಡಬೇಕು? ದುಡ್ಡು ಕೊಟ್ಟು ಕೊಳ್ಳುವ ತಂತ್ರಾಂಶಗಳು ಹೀಗೆ ಬಂದು ಹೋಗುತ್ತಿರುವಾಗ, 1998ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಗ್ನೂಕ್ಯಾಶ್, 2003ರಲ್ಲಿ ಜಾನ್ ವೀಗ್ಲಿ ಆರಂಭಿಸಿದ ಲೆಡ್ಜರ್ ಎಂಬ ಎರಡು ಮುಕ್ತ ತಂತ್ರಾಂಶಗಳು ಸದ್ದಿಲ್ಲದೆ ಬದುಕಿವೆ. ಲೆಡ್ಜರ್‌ನಲ್ಲಂತೂ ಲೆಕ್ಕವೆಂದರೆ ಒಂದು ಸಾದಾ ಪಠ್ಯದ ಕಡತ; ತಂತ್ರಾಂಶ ನಾಳೆ ಇಲ್ಲವಾದರೂ ಯಾರು ಬೇಕಾದರೂ ತೆರೆದು ಓದಬಹುದು. ನನ್ನ ತಂತ್ರಾಂಶದ ಒಡಲಿನಲ್ಲಿ ಇರುವುದೂ ಅಂಥದೇ ಕಡತ. ಈ ಒಂದು ತೀರ್ಮಾನಕ್ಕೆ ಬರಲು ನನಗೆ ಅರ್ಧ ದಿನವೂ ಬೇಕಾಗಲಿಲ್ಲ.

ಕಡತ ಎಂದು ಬರೆಯುವಾಗ ಒಂದು ಮಾತು ಹೇಳಬೇಕು. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಬಳಸುವ ಈ ಪದ ಮೊದಲು ಹೆಸರಾಗಿದ್ದದ್ದು ಬಟ್ಟೆಯ ಪುಸ್ತಕಕ್ಕೆ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮಠಗಳ ಮತ್ತು ವ್ಯಾಪಾರಿಗಳ ಲೆಕ್ಕಗಳು ಅದರಲ್ಲಿ ಇರುತ್ತಿದ್ದವು. ಲೂಕಾ ಪಾಚೋಲಿ ಎಂಬ ಸನ್ಯಾಸಿ 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚು ಹಾಕಿಸಿದ ಗಣಿತ ಗ್ರಂಥದಲ್ಲಿ ಅಲ್ಲಿನ ವರ್ತಕರ ಜೋಡಿ ನಮೂದಿನ ಪದ್ಧತಿಯನ್ನು, ಎಂದರೆ ಪ್ರತಿ ವ್ಯವಹಾರವನ್ನೂ ಕೊಡುವ ಖಾತೆ, ಪಡೆಯುವ ಖಾತೆ ಎಂದು ಎರಡು ಕಡೆ ಬರೆಯುವುದನ್ನು, ವಿವರಿಸಿದ್ದರಿಂದ ಇಡೀ ಜಗತ್ತು ಅದನ್ನು ಕಲಿತದ್ದು ನಿಜ. ಆದರೆ ನಮ್ಮ ಪೇಟೆಗಳ ಕಿರ್ದಿ, ಖತಾವಣಿ, ಶಿಲ್ಕು (ಲೆಕ್ಕದಲ್ಲಿ ಉಳಿದ ಮೊತ್ತ), ಉದ್ರಿ, ಅನಾಮತ್ತು ಎಂಬ ಪದಗಳು ಪಠ್ಯಪುಸ್ತಕದಿಂದ ಬಂದವಲ್ಲ. ದಿನದ ವ್ಯವಹಾರವನ್ನು ಬಂದ ಕ್ರಮದಲ್ಲಿ ಬರೆಯುವುದು ಕಿರ್ದಿ. ಅದನ್ನು ಒಬ್ಬೊಬ್ಬರ ಹೆಸರಿನ ಕೆಳಗೆ ಎತ್ತಿ ಬರೆಯುವುದು ಖತಾವಣಿ. ಅಪ್ಪನ ಗೆರೆಪುಸ್ತಕದಲ್ಲಿ ಇವೆರಡೂ ಇದ್ದವು, ಮುಂದಿನಿಂದ ಒಂದು, ಹಿಂದಿನಿಂದ ಒಂದು. ಎರಡೂ ನಡುವೆ ಎಲ್ಲಿಯೋ ಒಂದು ಕಡೆ ಸಂಧಿಸಿದಾಗ ಹೊಸ ಪುಸ್ತಕ ತರುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಮೊದಲ ಆವೃತ್ತಿ ಮಾರುಕಟ್ಟೆಯಲ್ಲಿ ಇರುವುದರ ನಕಲಾಗಿತ್ತು. ತಿಂಗಳ ಆದಾಯವನ್ನು ಕೇಳುತ್ತಿತ್ತು, ಅದನ್ನು ಊಟ, ಪ್ರಯಾಣ, ಮನರಂಜನೆ ಎಂದು ಹಂಚುತ್ತಿತ್ತು, ಮಿತಿ ಮೀರಿದಾಗ ಕೆಂಪು ಬಣ್ಣ ತೋರಿಸುತ್ತಿತ್ತು, ಬಣ್ಣಬಣ್ಣದ ಚಕ್ರವೊಂದನ್ನು ತಿರುಗಿಸುತ್ತಿತ್ತು. ನನಗೆ ಅದು ಬಹಳ ಚೆನ್ನಾಗಿ ಕಂಡಿತ್ತು. ಊರಿಗೆ ಹೋದಾಗ ಆಯಿಯ ಫೋನಿಗೆ ಹಾಕಿಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು, ಪ್ರತಿಯೊಂದು ಪುಟವನ್ನೂ ಸರಿಸಿ ಸರಿಸಿ ನೋಡಿ, ‘ತಮಾ, ಇದ್ರಲ್ಲಿ ಸೊಸೈಟಿ ಎಲ್ಲಿದ್ದು?’ ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಮತ್ತು ಅದು ಸಣ್ಣ ಪ್ರಶ್ನೆಯೂ ಆಗಿರಲಿಲ್ಲ. ಅಡಿಕೆ ಬೆಳೆಯುವ ಮನೆಯಲ್ಲಿ ತಿಂಗಳ ಆದಾಯ ಎಂಬುದು ಇಲ್ಲ. ಚಳಿಗಾಲದಲ್ಲಿ ಕೊನೆಕೊಯ್ಲು; ಆಮೇಲೆ ಸುಲಿಯುವುದು, ಬೇಯಿಸುವುದು ಅಥವಾ ಚಾಲಿಗಾಗಿ ಅಂಗಳದಲ್ಲಿ ಒಣಗಿಸುವುದು; ಆಮೇಲೆ ಸಹಕಾರಿ ಸೊಸೈಟಿಗೆ ಒಯ್ದು ಹಾಕುವುದು, ಅಲ್ಲಿ ಟೆಂಡರ್ ಆಗುವುದು. ಮಾರಿದ ಹಣ ಕೈಗೆ ಬರುವುದಿಲ್ಲ, ಸೊಸೈಟಿಯಲ್ಲಿ ನಮ್ಮ ಖಾತೆಗೆ ಜಮಾ ಆಗುತ್ತದೆ. ವರ್ಷವಿಡೀ ಅಲ್ಲಿಂದಲೇ ತಂದ ಅಕ್ಕಿ, ಬೆಲ್ಲ, ಗೊಬ್ಬರ, ಮಳೆಗಾಲದ ಮೊದಲು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿಗೆ ಬೇಕಾದ ಮೈಲುತುತ್ತ, ಮಕ್ಕಳ ಫೀಸಿಗೆಂದು ಎತ್ತಿದ ಮುಂಗಡ, ಇವೆಲ್ಲ ಅದೇ ಖಾತೆಯಲ್ಲಿ ಖರ್ಚು ಬಿದ್ದಿರುತ್ತವೆ. ಹೀಗಾಗಿ ವರ್ಷದ ಬಹುಪಾಲು ಆ ಖಾತೆ ಬಾಕಿಯಲ್ಲಿಯೇ ಇರುತ್ತದೆ, ಹಾಗಿರುವುದು ಸಂಕಟದ ಲಕ್ಷಣವೂ ಅಲ್ಲ. ನನ್ನ ಆಪ್ ಮಾತ್ರ ಆಯಿಯ ಮನೆಯನ್ನು ಜೂನ್‌ನಿಂದ ಡಿಸೆಂಬರ್‌ವರೆಗೆ ಏಳು ತಿಂಗಳು ದಿವಾಳಿ ಎಂದು ಕೆಂಪಾಗಿ ತೋರಿಸುತ್ತಿತ್ತು. ಪ್ರತಿ ಒಂದನೆಯ ತಾರೀಕು ಸಂಬಳ ಬರುವವನು ಬರೆದ ತಂತ್ರಾಂಶಕ್ಕೆ, ಪ್ರತಿ ಒಂದನೆಯ ತಾರೀಕು ಸಂಬಳ ಬರದವರೆಲ್ಲ ದುಂದುಗಾರರಾಗಿ ಕಂಡಿದ್ದರು.

ಮೂರು ತಿಂಗಳ ಕೆಲಸವನ್ನು ಬದಿಗಿಟ್ಟೆ. ಮೊದಲಿನಿಂದ ಬರೆಯುವಾಗ ಅಪ್ಪನ ಹನ್ನೊಂದು ಪುಸ್ತಕಗಳನ್ನು ಮೇಜಿನ ಮೇಲೆ ಇಟ್ಟುಕೊಂಡೆ ಮತ್ತು ಅದರಲ್ಲಿರುವ ಯಾವ ನಮೂದನ್ನಾದರೂ ತಿದ್ದದೆ, ಒತ್ತಾಯದಿಂದ ಬೇರೆ ಹೆಸರಿನ ಕೆಳಗೆ ತುರುಕದೆ ಬರೆಯಲು ಸಾಧ್ಯವಾಗಬೇಕು ಎಂಬ ಒಂದೇ ನಿಯಮ ಹಾಕಿಕೊಂಡೆ. ತಿಂಗಳು ಎಂಬುದು ಈಗ ತಂತ್ರಾಂಶದ ಒಳಗೆ ಎಲ್ಲಿಯೂ ಕಡ್ಡಾಯವಲ್ಲ. ಮನೆಯವರೇ ತಮ್ಮ ಸುತ್ತನ್ನು ಆರಿಸಿಕೊಳ್ಳುತ್ತಾರೆ: ಸುಗ್ಗಿಯಿಂದ ಸುಗ್ಗಿಗೆ, ಏಪ್ರಿಲ್‌ನಿಂದ ಮಾರ್ಚ್‌ಗೆ, ದೀಪಾವಳಿ ಪಾಡ್ಯದಿಂದ ಪಾಡ್ಯಕ್ಕೆ. ಕೊನೆಯದನ್ನು ಸೇರಿಸಲು ಕೇಳಿದವರು ಹುಬ್ಬಳ್ಳಿಯ ಒಬ್ಬ ಸಣ್ಣ ವ್ಯಾಪಾರಿ. ಪಾಡ್ಯದ ದಿನ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡಿ ಹೊಸ ಪುಟ ತೆರೆಯುವ ಅವರಿಗೆ ಮನೆಯ ಲೆಕ್ಕವೂ ಅಂದೇ ಹೊಸದಾಗಬೇಕಿತ್ತು. ಪಾಡ್ಯ ಪ್ರತಿ ವರ್ಷ ಬೇರೆ ತಾರೀಕಿಗೆ ಬರುವುದರಿಂದ ಆ ಸೌಲಭ್ಯಕ್ಕೆ ಪಂಚಾಂಗದ ಪಟ್ಟಿಯೊಂದನ್ನು ಜೋಡಿಸಬೇಕಾಯಿತು. ಒಬ್ಬರಿಗಾಗಿ ನಾಲ್ಕು ದಿನದ ಕೆಲಸ. ದೊಡ್ಡ ಕಂಪನಿಯಲ್ಲಿದ್ದಾಗ ಇಂಥ ಬೇಡಿಕೆಯನ್ನು ನಾನೇ ಪಟ್ಟಿಯ ತಳಕ್ಕೆ ತಳ್ಳುತ್ತಿದ್ದೆ.

ಎರಡನೆಯ ಪೆಟ್ಟು ಬಿದ್ದದ್ದು ಮಂಡ್ಯದ ಕಡೆಯಿಂದ. ನನ್ನ ಹೆಂಡತಿಯ ತವರಿನಲ್ಲಿ ಮದುವೆಗೆ ಹೋದಾಗ ಕೊಟ್ಟ ಹಣವನ್ನು ‘ಉಡುಗೊರೆ’ ಎಂಬ ಖರ್ಚಿನ ಕೆಳಗೆ ಬರೆದು ಅತ್ತೆಯವರಿಗೆ ತೋರಿಸಿದೆ. ಅವರು ತಲೆಯಾಡಿಸಿ, ‘ಅದು ಖರ್ಚಲ್ಲ ಅಳಿಯಂದ್ರೇ, ಮುಯ್ಯಿ’ ಎಂದರು. ಒಳಗಿನಿಂದ ತಂದು ತೋರಿಸಿದ ಪುಸ್ತಕದಲ್ಲಿ ಅವರ ಹಿರಿಯ ಮಗಳ ಮದುವೆಯ ದಿನ ಯಾರು ಯಾರು ಎಷ್ಟು ಮುಯ್ಯಿ ಹಾಕಿದರು ಎಂಬುದು ಹೆಸರು, ಊರು, ಮೊತ್ತದ ಸಮೇತ ಇತ್ತು. ತೀರಿಸಿದ್ದಕ್ಕೆ ಪಕ್ಕದಲ್ಲಿ ಗುರುತು ಇತ್ತು, ತೀರಿಸದೆ ಉಳಿದದ್ದು ಹಾಗೆಯೇ ಇತ್ತು. ಬಡ್ಡಿಯಿಲ್ಲದ, ಗಡುವಿಲ್ಲದ, ಕೇಳಿ ಪಡೆಯಲಾಗದ, ಆದರೆ ಮರೆಯಲೂ ಆಗದ ಈ ಸಾಲ ನಾನು ನೋಡಿದ ಯಾವ ತಂತ್ರಾಂಶದ ಪಟ್ಟಿಯಲ್ಲೂ ಇಲ್ಲ. ಲೆಕ್ಕದ ದೃಷ್ಟಿಯಿಂದ ನೋಡಿದರೆ ಅತ್ತೆಯವರ ಮಾತು ಅಕ್ಷರಶಃ ಸರಿ: ನಾವು ಹಾಕಿದ ಮುಯ್ಯಿ ನಮ್ಮ ಆಸ್ತಿ, ನಮಗೆ ಬಂದ ಮುಯ್ಯಿ ನಮ್ಮ ಮೇಲಿನ ಹೊಣೆ. ಅದನ್ನು ಖರ್ಚು ಎಂದು ಬರೆದಿದ್ದ ನಾನೇ ತಪ್ಪು ನಮೂದು ಮಾಡಿದ್ದೆ.

ಇದರ ಎಳೆ ಹಿಡಿದು ಹೊರಟರೆ ನಮ್ಮ ಮನೆಗಳ ಲೆಕ್ಕದಲ್ಲಿ ರೂಪಾಯಿಯೇ ಅಲ್ಲದ ಸಂಗತಿಗಳು ಎಷ್ಟೋ ಸಿಗುತ್ತವೆ. ಅಪ್ಪನ ಪುಸ್ತಕದ ಹಿಂಭಾಗದಲ್ಲಿ ಮುಯ್ಯಾಳಿನ ಖಾತೆಯಿತ್ತು: ನೆರೆಮನೆಯ ಗದ್ದೆಗೆ ನಮ್ಮವರು ಎರಡು ಆಳು ಹೋದರು, ಅವರ ಕಡೆಯಿಂದ ಒಂದು ಆಳು ಬಂದಿತು, ಇನ್ನೊಂದು ಬರಬೇಕು. ಬಾಕಿಯ ಅಳತೆ ಆಳು, ಹಣವಲ್ಲ. ಕೂಲಿ ಎಷ್ಟೇ ಏರಿದರೂ ಒಂದು ಆಳು ಒಂದೇ ಆಳು. ಆಯಿಯ ಬಂಗಾರ ಗ್ರಾಮಿನಲ್ಲಿದೆ, ಮಾರದೆ ಅಟ್ಟದ ಮೇಲಿಟ್ಟ ಅಡಿಕೆ ಕ್ವಿಂಟಾಲಿನಲ್ಲಿದೆ. ಲೆಡ್ಜರ್ ಮಾದರಿಯ ತಂತ್ರಾಂಶಗಳಲ್ಲಿ ಯಾವ ವಸ್ತುವನ್ನಾದರೂ ನಾಣ್ಯದಂತೆ ಅಳತೆಯಾಗಿ ಬಳಸಬಹುದು ಎಂಬುದು ನನಗೆ ಇಲ್ಲಿ ಒದಗಿಬಂದಿತು. ಷೇರುಗಳಿಗೂ ವಿದೇಶಿ ಹಣಕ್ಕೂ ಉಪಯೋಗಿಸುವ ಆ ಅನುಕೂಲ ಮುಯ್ಯಾಳಿಗೂ ಚೆನ್ನಾಗಿ ಹೊಂದಿತು.

ಚೀಟಿಯ ವಿಷಯ ಇನ್ನೂ ಸ್ವಾರಸ್ಯದ್ದು. ಇಪ್ಪತ್ತು ಜನ ತಿಂಗಳಿಗೆ 5,000 ರೂಪಾಯಿ ಕಟ್ಟುವ 1,00,000 ರೂಪಾಯಿಯ ಚೀಟಿಯನ್ನು ತೆಗೆದುಕೊಳ್ಳೋಣ. ಅಗತ್ಯವಿರುವ ಒಬ್ಬರು 20,000 ಬಿಟ್ಟುಕೊಟ್ಟು 80,000ಕ್ಕೆ ಚೀಟಿ ಕೂಗಿದರೆ, ಆ ಇಪ್ಪತ್ತು ಸಾವಿರದಲ್ಲಿ ಚೀಟಿ ನಡೆಸುವವರ ಕಮಿಷನ್ ಶೇಕಡಾ 5ರಂತೆ 5,000 ಕಳೆದು, ಉಳಿದ 15,000 ಇಪ್ಪತ್ತು ಜನರಿಗೆ 750 ರೂಪಾಯಿಯಂತೆ ಹಂಚಿಕೆಯಾಗುತ್ತದೆ; ಅಂದರೆ ಕಟ್ಟಬೇಕಾದದ್ದು 4,250 ಮಾತ್ರ. 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಕಮಿಷನ್ನಿನ ಮಿತಿ ಶೇಕಡಾ 5 ಇತ್ತು, 2019ರ ತಿದ್ದುಪಡಿ ಅದನ್ನು 7ಕ್ಕೆ ಏರಿಸಿತು. ಈಗ ಮನೆಯವರು ಕಟ್ಟಿದ ಈ 4,250 ಏನು? ಖರ್ಚೇ, ಉಳಿತಾಯವೇ, ಸಾಲದ ಕಂತೇ? ಚೀಟಿ ಎತ್ತುವವರೆಗೆ ಅದು ಉಳಿತಾಯ, ಎತ್ತಿದ ಮರುತಿಂಗಳಿನಿಂದ ಅದೇ ಹಣ ಸಾಲ ತೀರಿಸುವ ಕಂತು. ಒಂದೇ ಖಾತೆ ವರ್ಷದ ಮಧ್ಯದಲ್ಲಿ ಆಸ್ತಿಯ ಬದಿಯಿಂದ ಸಾಲದ ಬದಿಗೆ ದಾಟುತ್ತದೆ. ಖರ್ಚುಗಳಿಗೆ ಹಣೆಪಟ್ಟಿ ಅಂಟಿಸುವುದಷ್ಟೇ ಬಲ್ಲ ಆಪ್‌ಗಳಲ್ಲಿ ಇದನ್ನು ಬರೆಯಲು ಬರುವುದೇ ಇಲ್ಲ. ಜೋಡಿ ನಮೂದಿನ ಪದ್ಧತಿಯಲ್ಲಿ ಇದು ತಾನೇ ತಾನಾಗಿ ಸರಿಹೋಗುತ್ತದೆ, ಏಕೆಂದರೆ ಅಲ್ಲಿ ಶಿಲ್ಕಿನ ಬದಿ ಬದಲಾದರೆ ಖಾತೆಯ ಗುಣವೇ ಬದಲಾಯಿತು ಎಂದು ಅರ್ಥ.

ಆದ್ದರಿಂದ ಒಳಗೆ ಜೋಡಿ ನಮೂದು ಇರಲೇಬೇಕು, ಹೊರಗೆ ಅದು ಕಾಣಕೂಡದು ಎಂಬಲ್ಲಿಗೆ ಬಂದು ನಿಂತೆ. ವಾಣಿಜ್ಯದ ಪಠ್ಯಗಳು ಕಲಿಸುವ ಖರ್ಚು-ಜಮೆಯ (ಡೆಬಿಟ್-ಕ್ರೆಡಿಟ್) ನಿಯಮಗಳು ಮನೆಯವರನ್ನು ಹೆದರಿಸುವುದಕ್ಕೆ ಒಂದು ನ್ಯಾಯವಾದ ಕಾರಣವಿದೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನಮ್ಮ ಠೇವಣಿ ಜಮಾ ಎಂದಿರುತ್ತದೆ. ನಮ್ಮದೇ ಪುಸ್ತಕದಲ್ಲಿ ಅದೇ ಠೇವಣಿಯನ್ನು ಬ್ಯಾಂಕಿನ ಹೆಸರಿನಲ್ಲಿ ಎದುರು ಬದಿಗೆ ಬರೆಯಬೇಕು, ಏಕೆಂದರೆ ಪಾಸ್‌ಬುಕ್ ಬ್ಯಾಂಕಿನ ಲೆಕ್ಕದ ಪ್ರತಿಯೇ ಹೊರತು ನಮ್ಮ ಲೆಕ್ಕವಲ್ಲ. ಇದನ್ನು ಒಮ್ಮೆ ತಿಳಿದವರಿಗೆ ಸುಲಭ, ತಿಳಿಯದವರಿಗೆ ಎಂದೆಂದಿಗೂ ಗೊಂದಲ. ನಾನು ‘ಎಲ್ಲಿಂದ’ ಮತ್ತು ‘ಎಲ್ಲಿಗೆ’ ಎಂಬ ಎರಡೇ ಮಾತುಗಳನ್ನು ಉಳಿಸಿಕೊಂಡೆ. ಸೊಸೈಟಿಯಿಂದ ಗೊಬ್ಬರಕ್ಕೆ, ಕೈಯಿಂದ ಮುಯ್ಯಿಗೆ, ಬ್ಯಾಂಕಿನಿಂದ ಚೀಟಿಗೆ. ಈ ಧೈರ್ಯ ಬಂದದ್ದು ಬೆಂಗಳೂರಿನದೇ ಆದ ಟ್ಯಾಲಿ ಎಂಬ ವ್ಯಾಪಾರದ ಲೆಕ್ಕದ ತಂತ್ರಾಂಶದಿಂದ. ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯಾಪಾರಕ್ಕೆ ಹೊಂದುವ ತಂತ್ರಾಂಶ ಸಿಗದೆ ಮಗ ಭರತ್ ಗೋಯೆಂಕಾ ಅವರಿಂದ ಬರೆಸಿ, 1986ರಲ್ಲಿ ಕಂಪನಿಯಾಗಿ ಆರಂಭವಾದ ಅದರ ಹೆಗ್ಗಳಿಕೆಗಳಲ್ಲಿ ಒಂದು, ಖಾತೆಗಳಿಗೆ ಸಂಖ್ಯೆಯ ಸಂಕೇತ ಕೊಡುವ ಕಾಟವನ್ನು ತೆಗೆದು, ನೇರವಾಗಿ ಹೆಸರಿನಿಂದಲೇ ಲೆಕ್ಕ ಬರೆಯಲು ಬಿಟ್ಟದ್ದು. ತಾಳೆ ನೋಡುವುದು ಎಂಬ ನಮ್ಮ ಮಾತಿಗೂ ಆ ಹೆಸರಿಗೂ ಇರುವ ದನಿಯ ಸಾಮ್ಯ ಆಕಸ್ಮಿಕವಾದದ್ದೇ ಇರಬೇಕು, ಆದರೆ ನನಗೆ ಅದು ಯಾವಾಗಲೂ ಇಷ್ಟವಾಗಿದೆ.

ತಾಂತ್ರಿಕ ಸಂಗತಿಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಹಣವನ್ನು ದಶಮಾಂಶ ಸಂಖ್ಯೆಯಾಗಿ ಇಡಬಾರದು. ಗಣಕವು ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 0.1ಕ್ಕೆ 0.2 ಕೂಡಿದರೆ ಬಹುಪಾಲು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ 0.30000000000000004 ಬರುತ್ತದೆ. ಎಲ್ಲವನ್ನೂ ಪೈಸೆಯ ಪೂರ್ಣಾಂಕವಾಗಿಯೇ ಇಡಬೇಕು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳು 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋದವು, ಅಂಗಡಿಯಲ್ಲಿ ಪೈಸೆಯ ಮಾತೇ ಇಲ್ಲ. ಆದರೂ ಬ್ಯಾಂಕಿನ ಬಡ್ಡಿಯಲ್ಲಿ ಅದು ಜೀವಂತವಾಗಿದೆ, 100 ರೂಪಾಯಿಯನ್ನು ಮೂವರಿಗೆ ಹಂಚುವಾಗ ಒಬ್ಬರ ಪಾಲಿಗೆ 33 ರೂಪಾಯಿ 34 ಪೈಸೆ ಬಂದೇ ಬರುತ್ತದೆ. ಇನ್ನೊಂದು, ಬರೆದದ್ದನ್ನು ಅಳಿಸುವ ಬಗೆ. ಅಪ್ಪ ಎಂದೂ ರಬ್ಬರ್ ಬಳಸುತ್ತಿರಲಿಲ್ಲ, ತಪ್ಪಾದದ್ದರ ಮೇಲೆ ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯುತ್ತಿದ್ದರು, ಗೆರೆಯ ಅಡಿಯ ಅಂಕಿ ಓದಲು ಬರುವಂತೆ ಇರುತ್ತಿತ್ತು. ನನ್ನಲ್ಲೂ ಅಳಿಸುವಿಕೆ ಎಂದರೆ ಇಷ್ಟೇ. ಇದನ್ನು ಶಿಸ್ತಿನ ಮೇಲಿನ ಪ್ರೀತಿಯಿಂದ ಮಾಡಿದೆನೆಂದು ಹೇಳಲಾರೆ. ಇಬ್ಬರು ಎರಡು ಫೋನುಗಳಿಂದ ಒಂದೇ ಲೆಕ್ಕವನ್ನು ಬರೆಯುವಾಗ, ಹಳೆಯದನ್ನು ಅಳಿಸದೆ ಹೊಸದನ್ನು ಮಾತ್ರ ಸೇರಿಸುತ್ತ ಹೋಗುವ ಪದ್ಧತಿಯಲ್ಲಿ ಎರಡು ಫೋನುಗಳ ನಮೂದುಗಳ ನಡುವಿನ ಘರ್ಷಣೆಗಳನ್ನು ಬಗೆಹರಿಸುವುದು ಬಹಳ ಸುಲಭ.

ಇಷ್ಟಕ್ಕೆಲ್ಲ ಕೈಯಿಂದ ಬರೆಯುವುದು ಏಕೆ, ಬ್ಯಾಂಕಿನ ಸಂದೇಶಗಳನ್ನು ಓದಿ ತಂತ್ರಾಂಶವೇ ಲೆಕ್ಕ ಬರೆಯಬಾರದೇ ಎಂದು ನನ್ನನ್ನು ಕೇಳದವರಿಲ್ಲ. ಭಾರತದಲ್ಲಿ ಒಂದು ಕಾಲಕ್ಕೆ ಈ ಬಗೆಯ ಆಪ್‌ಗಳು ಹೆಸರು ಮಾಡಿದವು ಕೂಡ. ಗೂಗಲ್ 2018ರ ಕೊನೆಯಿಂದ ಸಂದೇಶಗಳನ್ನು ಓದುವ ಅನುಮತಿಯನ್ನು ಬಿಗಿಗೊಳಿಸಿ, ಲೆಕ್ಕದ ಆಪ್‌ಗಳಿಗೆ ವಿನಾಯಿತಿಯ ದಾರಿಯೊಂದನ್ನು ಇಟ್ಟಿತಾದರೂ, ಆ ಬಾಗಿಲಲ್ಲಿ ನಿಂತು ಕಾಯುವ ಆಸೆ ನನಗಾಗಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕಾರ್ಯಾರಂಭ ಮಾಡಿದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದಕ್ಕಿಂತ ಎಷ್ಟೋ ಸಭ್ಯವಾದದ್ದು, ಗ್ರಾಹಕರ ಒಪ್ಪಿಗೆ ಪಡೆದೇ ಬ್ಯಾಂಕಿನಿಂದ ಮಾಹಿತಿ ತರುವಂಥದು. ಆದರೆ ಅದರಿಂದ ಮಾಹಿತಿ ಪಡೆಯುವವರು ರಿಸರ್ವ್ ಬ್ಯಾಂಕ್, ಸೆಬಿಯಂಥ ಹಣಕಾಸು ನಿಯಂತ್ರಕರೊಬ್ಬರ ಅಧೀನದಲ್ಲಿ ನೋಂದಾಯಿತರಾಗಿರಬೇಕು. ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ಒಬ್ಬನೇ ತಂತ್ರಾಂಶ ಬರೆಯುವವನು ಆ ಸಾಲಿನಲ್ಲಿ ಸೇರುವುದಿಲ್ಲ. ಇವೆಲ್ಲ ನಾನು ಇತರರಿಗೆ ಹೇಳುವ ಕಾರಣಗಳು. ನಿಜವಾದ ಕಾರಣ ಬೇರೆ. ಒಂದು ತಿಂಗಳು ನನ್ನದೇ ಯುಪಿಐ ಪಾವತಿಗಳ ಪಟ್ಟಿಯನ್ನು ತೆಗೆದು ಓದಿದೆ. ಸೊಪ್ಪಿನ ಅಜ್ಜಿಗೆ ಕೊಟ್ಟದ್ದು ಅವರ ಮೊಮ್ಮಗನ ಹೆಸರಿನಲ್ಲಿತ್ತು, ಚಪ್ಪಲಿ ಹೊಲಿಸಿದ್ದು ಯಾವುದೋ ಟ್ರೇಡರ್ಸ್ ಎಂದಿತ್ತು, ಒಂದೇ ಹೆಸರಿಗೆ ಹೋದ ಮೂರು ಪಾವತಿಗಳಲ್ಲಿ ಒಂದು ಹಾಲು, ಒಂದು ಕೈಸಾಲ, ಒಂದು ಇಬ್ಬರೂ ಕೂಡಿ ಕೊಟ್ಟ ಮುಯ್ಯಿ. ಬ್ಯಾಂಕಿಗೆ ಗೊತ್ತಿರುವುದು ಹಣ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದಷ್ಟೇ. ಏಕೆ ಹೋಯಿತು ಎಂಬುದು ಕೊಟ್ಟವನಿಗೆ ಮಾತ್ರ ಗೊತ್ತು, ಅದೂ ಎರಡು ದಿನ. ತಾನಾಗಿಯೇ ಬರೆದುಕೊಳ್ಳುವ ಲೆಕ್ಕವನ್ನು ಯಾರೂ ತೆರೆದು ನೋಡುವುದಿಲ್ಲ ಎಂಬುದಕ್ಕೆ ನನ್ನ ಸಹೋದ್ಯೋಗಿಯ ಫೋನೇ ಸಾಕ್ಷಿ: ಅವರ ಮೂರು ಆಪ್‌ಗಳಲ್ಲಿ ಒಂದು ಸಂದೇಶ ಓದುವಂಥದೇ ಆಗಿತ್ತು.

ಕನ್ನಡದ ಕೆಲಸವನ್ನು ನಾನು ಹಗುರವಾಗಿ ಎಣಿಸಿದ್ದೆ. ಇಂಗ್ಲಿಷಿನ ಪದಗಳನ್ನು ತೆಗೆದು ಕನ್ನಡದ ಪದಗಳನ್ನು ಇಟ್ಟರೆ ಆಯಿತು ಎಂದುಕೊಂಡವನಿಗೆ ಮೊದಲು ಎದುರಾದದ್ದು ಯಾವ ಕನ್ನಡ ಎಂಬ ಪ್ರಶ್ನೆ. ಬ್ಯಾಲೆನ್ಸ್ ಶೀಟಿಗೆ ಪಠ್ಯಪುಸ್ತಕದ ಹೆಸರಾದ ‘ಅಢಾವೆ ಪತ್ರಿಕೆ’ಯನ್ನು ಓದಿ ಆಯಿ ನಕ್ಕಳು, ‘ಇದ್ದದ್ದು, ಕೊಡಬೇಕಾದದ್ದು’ ಎಂದು ಬರೆದಾಗ ಸುಮ್ಮನಾದಳು. ‘ಶಿಲ್ಕು’ ಶಿರಸಿಯಲ್ಲೂ ಹುಬ್ಬಳ್ಳಿಯಲ್ಲೂ ನಡೆಯಿತು, ಬೆಂಗಳೂರಿನ ಹುಡುಗರಿಗೆ ಅರ್ಥವಾಗಲಿಲ್ಲ, ಅವರಿಗೆ ‘ಬ್ಯಾಲೆನ್ಸ್’ ಬೇಕಿತ್ತು. ಕೊನೆಗೆ ಪದಗಳನ್ನು ಮನೆಯವರೇ ಬದಲಿಸಿಕೊಳ್ಳಲು ಬಿಟ್ಟೆ. ಲಕ್ಷ, ಕೋಟಿಗೆ ತಕ್ಕಂತೆ ಅಲ್ಪವಿರಾಮ ಹಾಕುವುದು, ಕನ್ನಡ ಅಂಕಿಗಳಲ್ಲಿ ಬರೆದದ್ದನ್ನೂ ಓದಿಕೊಳ್ಳುವುದು, ಖಾತೆಗಳ ಹೆಸರನ್ನು ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸುವುದು, ಇವೆಲ್ಲ ಒಂದು ವಾರದಲ್ಲಿ ಮುಗಿದವು. ಲೆಕ್ಕವನ್ನು ಎಕ್ಸೆಲ್‌ಗೆ ಕೊಂಡೊಯ್ದಾಗ ಕನ್ನಡವೆಲ್ಲ ವಿಚಿತ್ರ ಚಿಹ್ನೆಗಳಾಗಿ ಒಡೆದು ಕಂಡದ್ದು ಮಾತ್ರ ಒಂದು ಇಡೀ ಭಾನುವಾರವನ್ನು ತಿಂದಿತು. ಕಡತದ ಆರಂಭದಲ್ಲಿ ಕಣ್ಣಿಗೆ ಕಾಣದ ಮೂರು ಬೈಟುಗಳ ಗುರುತೊಂದನ್ನು ಇಡದಿದ್ದರೆ ಅದು ಯೂನಿಕೋಡ್ ಎಂದು ಎಕ್ಸೆಲ್ ಗುರುತಿಸುವುದಿಲ್ಲ ಎಂಬುದು ಸಂಜೆಗೆ ತಿಳಿಯಿತು.

ಹಣದ ಮಾತನ್ನು ಮುಚ್ಚಿಡಲು ಕಾರಣವಿಲ್ಲ. ಇದರಿಂದ ನನ್ನ ಮನೆ ನಡೆಯುವುದಿಲ್ಲ. ವಾರಕ್ಕೆ ಮೂರು ದಿನ ಬೇರೆಯವರ ಕೆಲಸ ಮಾಡಿ ಉಳಿದ ದಿನಗಳಲ್ಲಿ ಇದನ್ನು ಮಾಡುತ್ತೇನೆ. ಸುತ್ತಲೂ ಉಚಿತವಾಗಿ ಸಿಗುವ ಆಪ್‌ಗಳಿರುವಾಗ ಬೆಲೆ ಇಡುವುದು ಕಷ್ಟ, ಆದರೆ ಆ ಉಚಿತದ ಹಿಂದೆ ಬಹಳ ಸಲ ಸಾಲವನ್ನೋ ವಿಮೆಯನ್ನೋ ಮಾರುವ ವ್ಯಾಪಾರವಿರುತ್ತದೆ, ಮತ್ತು ಮನೆಯ ಲೆಕ್ಕ ಪೂರ್ತಿ ಕಣ್ಣ ಮುಂದಿರುವವನಿಗೆ ಯಾವ ಮನೆಗೆ ಯಾವ ವಾರ ಸಾಲದ ಅಗತ್ಯ ಬೀಳುತ್ತದೆ ಎಂಬುದು ಗೊತ್ತಿರುತ್ತದೆ. ನಾನು ವರ್ಷಕ್ಕೊಮ್ಮೆ ಒಂದು ಸಣ್ಣ ಮೊತ್ತವನ್ನು ಕೇಳುತ್ತೇನೆ, ಆ ಮೊತ್ತ ಕೊಡುವ ತಾರೀಕನ್ನು ಅವರೇ ಆರಿಸಿಕೊಳ್ಳುತ್ತಾರೆ. ನಮ್ಮ ಕಡೆಯವರೆಲ್ಲ ಅಡಿಕೆ ಮಾರಿದ ಮೇಲಿನ ತಾರೀಕನ್ನೇ ಕೊಟ್ಟಿದ್ದಾರೆ. ಇದರಿಂದಾಗಿ ನನ್ನ ಆದಾಯವೂ ಈಗ ಸುಗ್ಗಿಯಿಂದ ಸುಗ್ಗಿಗೆ ಬರುತ್ತದೆ.

ಅಪ್ಪ ಏಕೆ ಬರೆಯುವುದನ್ನು ಬಿಡಲಿಲ್ಲ ಎಂಬುದಕ್ಕೆ ಅವರ ಪುಸ್ತಕಗಳನ್ನು ಸಾಲು ಸಾಲಾಗಿ ತಂತ್ರಾಂಶಕ್ಕೆ ಏರಿಸುವಾಗ ಒಂದು ಸುಳಿವು ಸಿಕ್ಕಿತು. ನಾನು ಬಳಸಿ ಬಿಟ್ಟ ಆಪ್‌ಗಳನ್ನೆಲ್ಲ ಬಿಟ್ಟದ್ದು ಒಂದೇ ಬಗೆಯಲ್ಲಿ: ನಾಲ್ಕು ದಿನ ಬರೆಯಲು ಆಗಲಿಲ್ಲ, ಐದನೆಯ ದಿನ ಕೈಯಲ್ಲಿದ್ದ ಹಣಕ್ಕೂ ಪರದೆಯ ಮೇಲಿದ್ದ ಅಂಕಿಗೂ ತಾಳೆಯಾಗಲಿಲ್ಲ, ಹುಡುಕಲು ಹೊರಟರೆ ನೆನಪಾಗಲಿಲ್ಲ, ತಪ್ಪು ಲೆಕ್ಕವನ್ನು ಮುಂದುವರಿಸಲು ಮನಸ್ಸು ಬರಲಿಲ್ಲ. ಅಪ್ಪನಿಗೂ ತಾಳೆಯಾಗದ ದಿನಗಳಿದ್ದವು. ಪೇಟೆಯ ಲೆಕ್ಕಿಗರು ಅನಾಮತ್ತು ಖಾತೆ ಎಂದು ಕರೆಯುವುದನ್ನು ಅವರು ‘ನೆನಪಿಲ್ಲದ್ದು’ ಎಂದು ಬರೆದು, ಮೊತ್ತ ಹಾಕಿ, ಅಂದಿನ ಶಿಲ್ಕು ಸರಿಮಾಡಿಕೊಂಡು, ಮರುದಿನದ ತಾರೀಕು ಹಾಕಿ ಮುಂದೆ ಹೋಗುತ್ತಿದ್ದರು. ನಾನು ಎಣಿಸುತ್ತ ಹೋದೆ; ಕೆಲವು ವರ್ಷಗಳಲ್ಲಿ ಅದು ಎರಡು ಬಾರಿ ಇದೆ, ಅಜ್ಜ ಆಸ್ಪತ್ರೆಯಲ್ಲಿದ್ದ ವರ್ಷ ಹತ್ತೊಂಬತ್ತು ಬಾರಿ. ಆ ಹತ್ತೊಂಬತ್ತರಲ್ಲಿ ಆರಕ್ಕೆ ತಿಂಗಳುಗಳ ನಂತರ ಬೇರೆ ಶಾಯಿಯಲ್ಲಿ ಗೆರೆ ಎಳೆದು, ‘ಬಸ್ಸು’, ‘ಎಳನೀರು’, ‘ವಾರ್ಡಿನ ಹುಡುಗನಿಗೆ’ ಎಂದು ತಿದ್ದಿದ್ದಾರೆ. ಉಳಿದ ಹದಿಮೂರು ಹಾಗೆಯೇ ಇವೆ.

ಕಳೆದ ವಾರ ಹೊರಬಿಟ್ಟ ಆವೃತ್ತಿಯಲ್ಲಿ ಹೊಸ ಸೌಲಭ್ಯ ಅದೊಂದೇ. ಶಿಲ್ಕು ತಾಳೆಯಾಗದಿದ್ದರೆ ಈಗ ಕೆಂಪು ಬರುವುದಿಲ್ಲ, ಕೈಯಲ್ಲಿರುವುದು ಎಷ್ಟು ಎಂದು ಮಾತ್ರ ಕೇಳುತ್ತದೆ, ವ್ಯತ್ಯಾಸವನ್ನು ‘ನೆನಪಿಲ್ಲದ್ದು’ ಎಂಬ ಖಾತೆಗೆ ಬರೆದು ಮರುದಿನದ ಪುಟವನ್ನು ತೆರೆಯುತ್ತದೆ. ಆಯಿ ಗೆರೆಪುಸ್ತಕವನ್ನು ಬಿಟ್ಟಿಲ್ಲ, ರಾತ್ರಿ ಊಟವಾದ ಮೇಲೆ ಮೊದಲು ಅದರಲ್ಲಿ ಬರೆದು ಆಮೇಲೆ ಫೋನಿನಲ್ಲಿ ಬರೆಯುತ್ತಾಳೆ. ಮೊನ್ನೆ ಎರಡರ ನಡುವೆ 40 ರೂಪಾಯಿಯ ವ್ಯತ್ಯಾಸ ಬಂದಿದೆ ಎಂದು ಫೋನ್ ಮಾಡಿದ್ದಳು. ಯಾವುದು ಸರಿ ಎಂದು ಇಬ್ಬರಿಗೂ ಇನ್ನೂ ತಿಳಿದಿಲ್ಲ.